ಹೆಸರು ಹೋಲಿದರೆ ಸಾಕಾ, ಡೊಮೇನ್ ಬಿಟ್ಟುಕೊಡಬೇಕಾ? ಪರ-ವಿರೋಧ

ಒಬ್ಬರ ವ್ಯಾಪಾರದ ಹೆಸರು ಟ್ರೇಡ್‌ಮಾರ್ಕ್ ಆಗಿದೆ, ಅಂದರೆ ಅವರದ್ದೇ ಅಂತ ರಿಜಿಸ್ಟರ್ ಆಗಿದೆ. ಅದೇ ಥರದ, ಒಂದೆರಡು ಅಕ್ಷರ ಮಾತ್ರ ಆಚೀಚೆ ಇರುವ ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಬೇರೆ ಯಾರೋ ತೆಗೆದುಕೊಂಡಿದ್ದಾರೆ. ಅದನ್ನು ಅವರ ಕೈಯಿಂದ ಬಿಡಿಸಿ ಟ್ರೇಡ್‌ಮಾರ್ಕ್ ಇರುವವರಿಗೆ ಕೊಡಬೇಕಾ? ಮಂಗಳೂರಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವವರೊಬ್ಬರು ಕೊಡಲೇಬೇಕು ಅನ್ನುತ್ತಾರೆ. ಉಡುಪಿಯಲ್ಲಿ ಅಂಗಡಿ, ಹೋಟೆಲ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವವರೊಬ್ಬರು ಹೋಲಿಕೆ ಒಂದೇ ಸಾಲದು ಅನ್ನುತ್ತಾರೆ.

ಪರ: ಹೆಸರು ಯಾರದ್ದೋ ಡೊಮೇನೂ ಅವರಿಗೇ ಸಿಗಲಿ

ಹಲಸಿನ ಹಪ್ಪಳ, ಮಾಂಬಳ, ಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಅಕ್ಕ ಒಬ್ಬರ ಲೆಕ್ಕ ನಾನು ಬರೆಯುತ್ತೇನೆ. ಮೊದಲೆಲ್ಲ ಸೆಂಟ್ರಲ್ ಮಾರ್ಕೆಟ್ ಸುತ್ತಮುತ್ತಲಿನ ಅಂಗಡಿಗಳಿಗೆ ಕೊಡುತ್ತಿದ್ದರು, ಅಷ್ಟೆ. ದುಬೈ, ಕುವೈತ್, ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಫೋನ್ ಮಾಡಿ ಕೇಳಲು ಶುರು ಮಾಡಿದ ಮೇಲೆ ಒಂದು ವೆಬ್‌ಸೈಟ್ ಮಾಡಿಸಿದರು. ಸಣ್ಣ ವ್ಯಾಪಾರಿಗಳು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಟ್ರೇಡ್‌ಮಾರ್ಕ್ ಫೀಸ್ ಮಾಲಿನ ಒಂದು ವರ್ಗಕ್ಕೆ 4,500 ರೂಪಾಯಿ. ಅದನ್ನೂ ಕಟ್ಟಿ ಹೆಸರು ರಿಜಿಸ್ಟರ್ ಮಾಡಿಸಿದರು. ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದರು.

ಒಂದು ದಿನ ಬೆಂಗಳೂರಿನಿಂದ ಯಾರೋ ಫೋನ್ ಮಾಡಿ ಜೋರು ಮಾಡಿದರು. ದುಡ್ಡು ಹಾಕಿ ಎಷ್ಟು ದಿನ ಆಯ್ತು, ಹಪ್ಪಳ ಎಲ್ಲಿ ಅಂತ. ಅಕ್ಕನ ಪುಸ್ತಕದಲ್ಲಿ ಆ ಆರ್ಡರೇ ಇಲ್ಲ. ಹುಡುಕಿ ನೋಡಿದರೆ ಇವರದ್ದೇ ಹೆಸರಿನ ಮಧ್ಯ ಒಂದು ಸಣ್ಣ ಅಡ್ಡಗೆರೆ ಸೇರಿಸಿ ಇನ್ನೊಂದು ಡೊಮೇನ್ ಎದ್ದಿದೆ. ಅದರಲ್ಲಿರುವ ಫೋಟೋಗಳೂ ಇವರದ್ದೇ. ಚಾಪೆಯ ಮೇಲೆ ಹಪ್ಪಳ ಹರವುವ ಫೋಟೋದ ಮೂಲೆಯಲ್ಲಿ ಅಕ್ಕನ ಕೈ ಇದೆ, ಹಸಿರು ಗಾಜಿನ ಬಳೆ ಸಮೇತ. ಕ್ಯೂಆರ್ ಕೋಡ್ ಮಾತ್ರ ಬೇರೆಯವರದ್ದು.

ದುಡ್ಡು ಕಳೆದುಕೊಂಡವರು ಅಡ್ಡಗೆರೆಯನ್ನು ಬೈಯಲಿಲ್ಲ, ಅಕ್ಕನನ್ನು ಬೈದರು. ಸಿಟ್ಟು ಬಂದವರು ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಹೋದರು. ಇಷ್ಟು ವರ್ಷ ದುಡಿದು ಸಂಪಾದಿಸಿದ ಹೆಸರು ಇನ್ಯಾರದೋ ಮೋಸಕ್ಕೆ ಕೆಟ್ಟಿತಲ್ಲ, ಅದನ್ನು ಯಾರು ತುಂಬಿಕೊಡುತ್ತಾರೆ? ನಾನು ಈ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲುವುದು ಅದಕ್ಕೇ.

ಹೋಲುವ ಹೆಸರು ಮಾಡುವುದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಒಂದು ಅಕ್ಷರ ಬಿಟ್ಟರಾಯಿತು, ಇಲ್ಲ ಒಂದು ಅಕ್ಷರ ಎರಡು ಸಲ ಹಾಕಿದರಾಯಿತು. ಇಂಗ್ಲಿಷಿನ ಆರ್ ಮತ್ತು ಎನ್ ಪಕ್ಕ ಪಕ್ಕ ಬಂದರೆ ಫೋನಿನ ಪರದೆಯ ಮೇಲೆ ಎಮ್ ಥರ ಕಾಣುತ್ತದೆ. ಡಾಟ್ ಕಾಮ್ ಇದ್ದ ಕಡೆ ಡಾಟ್ ಇನ್, ಡಾಟ್ ಕೋ. ಹೆಸರಿನ ಹಿಂದೆ ಸ್ಟೋರ್, ಆಫರ್, ಇಂಡಿಯಾ ಅಂತ ಒಂದು ಬಾಲ. 2017ರಲ್ಲಿ ಒಬ್ಬ ಸಂಶೋಧಕ ರಷ್ಯನ್ ಭಾಷೆಯ ಸಿರಿಲಿಕ್ ಲಿಪಿಯ ಅಕ್ಷರಗಳನ್ನೇ ಜೋಡಿಸಿ ಆಪಲ್ ಕಂಪನಿಯ ವಿಳಾಸದಂತೆಯೇ ಕಾಣುವ ಡೊಮೇನ್ ಮಾಡಿ ತೋರಿಸಿದ. ಕೆಲವು ಬ್ರೌಸರ್‌ಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಅಂತ ಕಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ. ಇನ್ನು ಡಾಟ್ ಭಾರತ ಅಂತ ಕನ್ನಡದಲ್ಲೇ ಡೊಮೇನ್ ಬಂದಿದೆ, ಸಂತೋಷ. ಆದರೆ ಕನ್ನಡದ ರ, ಗ ಅಕ್ಷರಗಳನ್ನು ತೆಲುಗಿನ ಅದೇ ಅಕ್ಷರಗಳ ಪಕ್ಕ ಇಟ್ಟು ನೋಡಿ. ನಮ್ಮ ಲಿಪಿಯಲ್ಲೂ ಈ ತೊಂದರೆ ಬರದೇ ಇರುವುದಿಲ್ಲ.

ನಮ್ಮ ಕೋರ್ಟುಗಳು ಇದನ್ನು ಬಹಳ ಬೇಗ ಅರ್ಥ ಮಾಡಿಕೊಂಡವು. ಯಾಹೂ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಇಲ್ಲಿಯ ಒಬ್ಬರು ಯಾಹೂಇಂಡಿಯಾ ಡಾಟ್ ಕಾಮ್ ಅಂತ ನಡೆಸುತ್ತಿದ್ದರು. ಇಂಟರ್‌ನೆಟ್ ಬಳಸುವವರು ತಿಳಿದವರು, ಅವರಿಗೆ ವ್ಯತ್ಯಾಸ ಗೊತ್ತಾಗುತ್ತದೆ ಅಂತ ಅವರ ವಾದ. ಕೋರ್ಟು ಒಪ್ಪಲಿಲ್ಲ, 1999ರಲ್ಲಿ ತಡೆಯಾಜ್ಞೆ ಕೊಟ್ಟಿತು. ಆಗ ಇಂಟರ್‌ನೆಟ್ ಇದ್ದದ್ದು ಕೆಲವೇ ಜನರ ಕೈಯಲ್ಲಿ. ಈಗ ನಮ್ಮ ಮನೆಯ ಅಜ್ಜಿಯ ಕೈಯಲ್ಲೂ ಫೋನ್ ಇದೆ. ಅದೇ ವರ್ಷ ಬಾಂಬೆ ಹೈಕೋರ್ಟಿನಲ್ಲಿ ರೆಡಿಫ್ ಅನ್ನುವ ಇಂಟರ್‌ನೆಟ್ ಕಂಪನಿಯ ಪ್ರಕರಣ ಬಂತು. ಇ ಇರುವ ಕಡೆ ಎ ಹಾಕಿ ರಾಡಿಫ್ ಅಂತ ಒಬ್ಬರು ಶುರು ಮಾಡಿದ್ದರು. ಡೊಮೇನ್ ಅಂದರೆ ಬರೀ ವಿಳಾಸ ಅಲ್ಲ, ಟ್ರೇಡ್‌ಮಾರ್ಕಿಗೆ ಇರುವ ರಕ್ಷಣೆಯೇ ಅದಕ್ಕೂ ಬೇಕು ಅಂತ ಕೋರ್ಟು ಹೇಳಿತು.

ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. ಸತ್ಯಂ ಇನ್ಫೋವೇ ಅನ್ನುವ ಇಂಟರ್‌ನೆಟ್ ಕಂಪನಿಗೆ ಸಿಫಿ ಹೆಸರಿನ ಡೊಮೇನ್‌ಗಳಿದ್ದವು. ಇನ್ನೊಂದು ಕಂಪನಿ ಎಫ್ ಅಕ್ಷರವನ್ನು ಎರಡು ಸಲ ಹಾಕಿ ಸಿಫ್ಫಿನೆಟ್ ಅಂತ ತೆಗೆದುಕೊಂಡಿತು. ಬೆಂಗಳೂರಿನ ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಸತ್ಯಂ ಪರವಾಗಿ ಹೇಳಿತು. ನಮ್ಮ ಐದು ಜನ ಪಾಲುದಾರರ ಹೆಸರಿನ ಮೊದಲ ಅಕ್ಷರ ಸೇರಿಸಿ ಈ ಹೆಸರು ಮಾಡಿದ್ದು ಅಂತ ಎದುರಿನವರು ಹೇಳಿದ್ದನ್ನು ಕೋರ್ಟು ನಂಬಲಿಲ್ಲ. ಡೊಮೇನ್ ಜಗಳಕ್ಕೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲ, ಆದರೆ ಒಬ್ಬರ ಮಾಲನ್ನು ಇನ್ನೊಬ್ಬರದ್ದು ಅಂತ ತೋರಿಸಿ ಮಾರಬಾರದು ಅನ್ನುವ ಹಳೇ ತತ್ವ ಇಲ್ಲೂ ನಡೆಯುತ್ತದೆ ಅಂತ ಹೇಳಿದ್ದು ಆ ತೀರ್ಪಿನಲ್ಲೇ.

ಕೋರ್ಟು ಅಂದರೆ ವರ್ಷಗಟ್ಟಲೆ, ಮಂಡೆಬಿಸಿ. ಅದಕ್ಕೇ ಇನ್ನೊಂದು ದಾರಿ ಇದೆ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ 1999ರಲ್ಲಿ ಇಂಥ ಜಗಳ ಬಗೆಹರಿಸಲು ಯುಡಿಆರ್‌ಪಿ ಅನ್ನುವ ನಿಯಮ ತಂದಿತು. ಡಾಟ್ ಕಾಮ್ ಥರದವಕ್ಕೆ ಅದು, ಡಾಟ್ ಇನ್ ಹೆಸರುಗಳಿಗೆ ಅವನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ. ದೂರು ಕೊಡುವವರು ಮೂರು ವಿಷಯ ತೋರಿಸಬೇಕು. ಹೆಸರು ನಮ್ಮ ಟ್ರೇಡ್‌ಮಾರ್ಕಿನ ಥರವೇ ಇದೆ, ಅವರಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ತೆಗೆದುಕೊಂಡಿದ್ದಾರೆ. ಮೂರೂ ಸಾಬೀತಾದರೆ ಡೊಮೇನ್ ನಮಗೆ ಬರುತ್ತದೆ, ಇಲ್ಲವೇ ರದ್ದಾಗುತ್ತದೆ. ಎಲ್ಲ ಕಾಗದದಲ್ಲೇ, ಸಾಮಾನ್ಯವಾಗಿ ಎರಡು ತಿಂಗಳ ಒಳಗೆ ಮುಗಿಯುತ್ತದೆ. ಈ ದೂರುಗಳನ್ನು ವಿಚಾರಿಸುವ ಸಂಸ್ಥೆಗಳಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಒಂದರಲ್ಲೇ 2023ರಲ್ಲಿ ಇಂಥ 6,000ಕ್ಕೂ ಜಾಸ್ತಿ ದೂರು ಬಂದವು. ಮೋಸ ಅಷ್ಟು ಹಬ್ಬಿದೆ.

ಹೆಸರು ಕಾದಿಟ್ಟುಕೊಂಡು ಬೆಲೆ ಕಟ್ಟುವವರ ಬಗ್ಗೆಯೂ ಹೇಳಬೇಕು. ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗಬಹುದು ಅಂತ ಊಹೆ ಮಾಡಿ ದೆಹಲಿಯ ಒಬ್ಬ ಡೆವಲಪರ್ 2023ರಲ್ಲೇ ಎರಡೂ ಹೆಸರು ಸೇರಿಸಿ ಡೊಮೇನ್ ತೆಗೆದಿಟ್ಟ. ಕೇಂಬ್ರಿಡ್ಜಿನಲ್ಲಿ ಓದುವ ಖರ್ಚು ಕೊಡಿ, ಡೊಮೇನ್ ಕೊಡುತ್ತೇನೆ ಅಂತ 2024ರಲ್ಲಿ ಕೇಳಿದ. ಸುಮಾರು ಒಂದು ಕೋಟಿ ರೂಪಾಯಿ. ಓದುವ ಆಸೆ ಒಳ್ಳೆಯದೇ, ಆ ಹುಡುಗನ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಆ ಡೊಮೇನಿಗೆ ಕೋಟಿ ಬೆಲೆ ಬಂದದ್ದು ಎಲ್ಲಿಂದ? ಬೇರೆಯವರು ಕಟ್ಟಿದ ಎರಡು ಹೆಸರುಗಳಿಂದ ತಾನೆ? ದೊಡ್ಡ ಕಂಪನಿ ಹೇಗೋ ನಿಭಾಯಿಸುತ್ತದೆ. ಇದೇ ಆಟವನ್ನು ಹಪ್ಪಳದ ಅಕ್ಕನ ಜೊತೆ ಆಡಿ ಹತ್ತು ಸಾವಿರ ಕೇಳಿದರೆ ಅವರು ಸುಮ್ನೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಡೊಮೇನ್ ಮಾರುವ ಕಂಪನಿಗಳ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು. ನೀವು ಹುಡುಕಿದ ಹೆಸರು ಖಾಲಿ ಇಲ್ಲ ಅಂದ ಕೂಡಲೇ ಅದನ್ನೇ ಹೋಲುವ ಹತ್ತಾರು ಹೆಸರು ಅವರೇ ಪಟ್ಟಿ ಮಾಡಿ ಮುಂದೆ ಇಡುತ್ತಾರೆ. ಸ್ನ್ಯಾಪ್‌ಡೀಲ್ ಕಂಪನಿ ಇದನ್ನು ಹಿಡಿದುಕೊಂಡು ದೆಹಲಿ ಹೈಕೋರ್ಟಿಗೆ ಹೋದಾಗ, 2022ರಲ್ಲಿ ಕೋರ್ಟು ಈ ವ್ಯಾಪಾರವನ್ನು ಗಟ್ಟಿಯಾಗಿಯೇ ಟೀಕಿಸಿತು. ಹೀಗೆ ಹೆಸರು ತೋರಿಸಿ ಲಾಭ ಮಾಡುವವರು ನಮಗೆ ಸಂಬಂಧ ಇಲ್ಲ ಅನ್ನುವ ಹಾಗಿಲ್ಲ. ತಗೊಂಡವರು ಯಾರು ಅಂತ ನೋಡಲು ಹೋದರೆ ಆ ವಿವರವೂ ಮುಚ್ಚಿರುತ್ತದೆ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲಂತೂ ಮಾಲೀಕರ ಹೆಸರು, ಫೋನ್ ನಂಬರು ಬಹುತೇಕ ಎಲ್ಲೂ ಸಿಗುವುದಿಲ್ಲ.

ಹೆಸರಿನಲ್ಲಿ ಏನಿದೆ ಅಂತ ನಮ್ಮ ಊರಲ್ಲಿ ಯಾರೂ ಕೇಳುವುದಿಲ್ಲ. ಕೆನರಾ ಬ್ಯಾಂಕ್ 1906ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಮತ್ತೆ ಮಂಗಳೂರಿನಲ್ಲಿ. ಇಲ್ಲಿಯ ಜನ ಮನೆಯ ದುಡ್ಡು ತಂದು ಕೊಟ್ಟದ್ದು ಆ ಹೆಸರಿನ ಮೇಲಿನ ನಂಬಿಕೆಯಿಂದ. ಅಂಥ ಹೆಸರಿಗೆ ಒಂದು ಅಕ್ಷರ ಸೇರಿಸಿ ಕೆವೈಸಿ ಅಪ್‌ಡೇಟ್ ಅಂತ ಲಿಂಕ್ ಕಳಿಸುವವನಿಗೆ, ಸ್ವಾಮಿ ನಿಮ್ಮ ಉದ್ದೇಶ ಏನು ಅಂತ ವಿಚಾರಣೆ ಮಾಡುತ್ತಾ ಕೂರಬೇಕಾ? ದೇವಸ್ಥಾನಗಳ ವಸತಿಗೃಹದ ಹೆಸರಿನಲ್ಲೂ ಇದೇ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗವೇ ಯಾತ್ರಿಕರಿಗೆ ಎಚ್ಚರಿಕೆ ಕೊಟ್ಟಿತು, ನಕಲಿ ಬುಕಿಂಗ್ ಸೈಟ್‌ಗಳಿವೆ ಅಂತ.

ನಾನು ಕೇಳುವುದು ಇಷ್ಟೆ. ಟ್ರೇಡ್‌ಮಾರ್ಕ್ ಇದೆ, ಹೆಸರು ಹೋಲುತ್ತದೆ, ಎದುರಿನವರು ಅದೇ ಮಾಲು ಮಾರುತ್ತಿದ್ದಾರೆ ಅಥವಾ ಹೆಸರು ಇಟ್ಟುಕೊಂಡು ಬೆಲೆ ಕೇಳುತ್ತಿದ್ದಾರೆ ಅಂದರೆ ಆ ಡೊಮೇನ್ ಮೊದಲು ಬಂದ್ ಆಗಲಿ. ವಾದ ಆಮೇಲೆ ನಡೆಯಲಿ. ಸೈಟು ನಡೆಯುವ ಪ್ರತಿ ದಿನ ಯಾರೋ ಒಬ್ಬರು ಆ ಕ್ಯೂಆರ್ ಕೋಡಿಗೆ ಫೋನ್ ಹಿಡಿಯುತ್ತಾರೆ.

ವಿರೋಧ: ಮೋಸ ಹಿಡಿಯಿರಿ, ಹೋಲಿಕೆಯನ್ನಲ್ಲ

ಹಪ್ಪಳದ ಅಕ್ಕನಿಗೆ ಆದದ್ದು ಮೋಸ. ಅದರಲ್ಲಿ ನನಗೂ ಮಂಗಳೂರಿನವರಿಗೂ ಜಗಳ ಇಲ್ಲ. ಅಂಥ ಸೈಟ್ ಕಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಪೊಲೀಸರಿಗೆ ದೂರು ಕೊಡಬೇಕು, ಡೊಮೇನ್ ಮಾರಿದ ಕಂಪನಿಗೂ ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಗೂ ಬರೆಯಬೇಕು. ಕದ್ದ ಫೋಟೋ, ಬೇರೆಯವರ ಕ್ಯೂಆರ್ ಕೋಡ್, ಇದಕ್ಕೆ ಟ್ರೇಡ್‌ಮಾರ್ಕ್ ಕಾನೂನೇ ಬೇಕಾಗಿಲ್ಲ. ವಂಚನೆ ಅಂದರೆ ವಂಚನೆ. ನನ್ನ ತಕರಾರು ಇರುವುದು, ಆ ಕಳ್ಳನನ್ನು ತೋರಿಸಿ ಮಾಡಿದ ನಿಯಮ ನಾಳೆ ಯಾರ ಮೇಲೆ ಬೀಳುತ್ತದೆ ಅನ್ನುವುದರಲ್ಲಿ.

ಕುಂದಾಪುರದ ಕಡೆ ಒಬ್ಬರು ಹೋಂಸ್ಟೇ ನಡೆಸುತ್ತಾರೆ. ಅವರ ಮನೆಗೆ ಅಜ್ಜನ ಕಾಲದಿಂದ ಇದ್ದ ಹೆಸರನ್ನೇ ಹೋಂಸ್ಟೇಗೂ ಇಟ್ಟರು, ಅದೇ ಹೆಸರಲ್ಲಿ ನಾನು ಡೊಮೇನ್ ತೆಗೆದು ಸೈಟ್ ಮಾಡಿಕೊಟ್ಟೆ. ಎರಡು ಕೋಣೆಯ ಫೋಟೋ, ಊಟದ ಪಟ್ಟಿ, ಮರವಂತೆಗೆ ಎಷ್ಟು ದೂರ, ಕೊಲ್ಲೂರಿಗೆ ಎಷ್ಟು ದೂರ, ಇಷ್ಟೇ ಅದರಲ್ಲಿದ್ದದ್ದು. ಸ್ವಲ್ಪ ಸಮಯದ ಮೇಲೆ ದೊಡ್ಡ ಊರಿನ ವಕೀಲರ ಕಚೇರಿಯಿಂದ ನೋಟಿಸ್ ಬಂತು. ಕಂಪನಿಯ ಹೆಸರು ಇಲ್ಲಿ ಬೇಡ. ಅವರದ್ದು ಬೇರೆಯೇ ವ್ಯಾಪಾರ, ಹೆಸರು ಮಾತ್ರ ಒಂದು ಅಕ್ಷರದ ವ್ಯತ್ಯಾಸದಲ್ಲಿ ಒಂದೇ ಥರ. ನೋಟಿಸ್ ಎರಡು ಪುಟ, ಅದರ ಹಿಂದೆ ಸರ್ಟಿಫಿಕೇಟುಗಳ ದಪ್ಪ ಕಟ್ಟು. ಏಳು ದಿನದಲ್ಲಿ ಡೊಮೇನ್ ಬಿಟ್ಟುಕೊಡಿ, ಇಲ್ಲದಿದ್ದರೆ ನಷ್ಟ ಪರಿಹಾರಕ್ಕೆ ದಾವೆ ಹಾಕುತ್ತೇವೆ ಅಂತ. ಎಲ್ಲ ಇಂಗ್ಲಿಷಿನಲ್ಲಿ. ಅವರು ಅದನ್ನು ಹಿಡಿದುಕೊಂಡು ಬಸ್ಸಲ್ಲಿ ಉಡುಪಿಗೆ ಬಂದರು, ಮಾರಾಯ್ರೆ ಇದೆಂತದು ಓದಿ ಹೇಳಿ ಅಂತ ನನ್ನ ಮೇಜಿನ ಮೇಲೆ ಇಟ್ಟರು.

ನ್ಯಾಯ ನಿಮ್ಮ ಕಡೆ ಇದೆ, ಉತ್ತರ ಕೊಡುವ ಅಂದೆ. ಅವರು ಒಪ್ಪಲಿಲ್ಲ. ವಕೀಲರಿಗೆ ಎಷ್ಟು, ದೆಹಲಿಗೆ ಹೋಗಬೇಕಾ, ಸೋತರೆ ಮನೆ ಹೋಗುತ್ತದಾ ಅಂತೆಲ್ಲ ಕೇಳಿದರು. ಕೊನೆಗೆ ಡೊಮೇನ್ ಬಿಟ್ಟರು. ರಸ್ತೆ ಬದಿಯ ಬೋರ್ಡಿನಲ್ಲಿ ವೆಬ್‌ಸೈಟ್ ಬರೆದಿದ್ದ ಸಾಲಿಗೆ ಬಿಳಿ ಪೇಂಟ್ ಹೊಡೆದರು. ಪೇಂಟಿನ ಅಡಿಯಿಂದ ಹಳೇ ಅಕ್ಷರ ಈಗಲೂ ಮಸುಕಾಗಿ ಕಾಣುತ್ತದೆ.

ಇಲ್ಲಿ ಯಾರಿಗೆ ಮೋಸ ಆಗಿತ್ತು? ಆ ಕಂಪನಿಯ ಮಾಲು ಬೇಕಾದವರು ಯಾರಾದರೂ ತಪ್ಪಿ ಬಂದು ಕುಂದಾಪುರದಲ್ಲಿ ಕೋಣೆ ಬುಕ್ ಮಾಡಿದರಾ?

ಮಂಗಳೂರಿನವರು ಯುಡಿಆರ್‌ಪಿಯ ಮೂರು ಷರತ್ತು ಸರಿಯಾಗಿಯೇ ಬರೆದಿದ್ದಾರೆ. ಆದರೆ ನನ್ನ ಕೈಗೆ ಬಂದಿರುವ ನೋಟಿಸುಗಳು ಮಾತಾಡುವುದು ಮೊದಲನೆಯದರ ಬಗ್ಗೆ ಮಾತ್ರ. ಹೆಸರು ಹೋಲುತ್ತದೆ, ಬಿಡಿ. ಹಕ್ಕು ಇದೆಯಾ, ಉದ್ದೇಶ ಏನು ಅನ್ನುವ ಉಳಿದ ಎರಡೇ ನಿಜವಾದ ಪ್ರಶ್ನೆ. ಅದನ್ನು ವಿಚಾರಿಸುವ ಮೊದಲೇ ಸೈಟ್ ಬಂದ್ ಮಾಡಿ ಅಂದರೆ ಆ ಎರಡು ಷರತ್ತಿಗೆ ಬೆಲೆಯೇ ಇಲ್ಲ. ಸಿಫಿ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ಎರಡು ಹೆಸರು ಪಕ್ಕ ಪಕ್ಕ ಇಟ್ಟು ನೋಡಿ ಕೈ ತೊಳೆದುಕೊಳ್ಳಲಿಲ್ಲ. ಯಾರು ಮೊದಲು ಬಳಸಿದ್ದು, ಜನರಲ್ಲಿ ಹೆಸರು ಎಷ್ಟು ಬೇರೂರಿದೆ, ಎದುರಿನವರ ವಿವರಣೆ ನಂಬುವಂಥದ್ದಾ ಅಂತೆಲ್ಲ ಕೂತು ನೋಡಿ ಆಮೇಲೆ ಹೇಳಿತು.

ಒಂದು ಮೂಲಭೂತ ತೊಡಕನ್ನು ಮೇಲಿನ ಲೇಖನ ಮುಟ್ಟಿಯೇ ಇಲ್ಲ. ಟ್ರೇಡ್‌ಮಾರ್ಕಿನಲ್ಲಿ ಮಾಲು, ಸೇವೆ ಸೇರಿ 45 ವರ್ಗಗಳಿವೆ. ಒಂದೇ ಹೆಸರನ್ನು ಒಬ್ಬರು ಸೋಪಿಗೆ, ಇನ್ನೊಬ್ಬರು ಪಂಪ್‌ಸೆಟ್ಟಿಗೆ, ಮತ್ತೊಬ್ಬರು ಟ್ಯೂಷನ್ ಕ್ಲಾಸಿಗೆ ಇಟ್ಟುಕೊಂಡು ಯಾರಿಗೂ ತೊಂದರೆ ಇಲ್ಲದೆ ಇರಬಹುದು. ದೇಶ ಬೇರೆಯಾದರೆ ಹಕ್ಕೂ ಬೇರೆ. ಡೊಮೇನ್‌ನಲ್ಲಿ ಹಾಗಿಲ್ಲ. ಒಂದು ಹೆಸರಿಗೆ ಡಾಟ್ ಕಾಮ್ ಒಂದೇ, ಇಡೀ ಪ್ರಪಂಚಕ್ಕೆ. ಹಾಗಿರುವಾಗ ಟ್ರೇಡ್‌ಮಾರ್ಕ್ ಇದೆ ಅಂದ ಮಾತ್ರಕ್ಕೆ ಡೊಮೇನ್ ನನ್ನದು ಅನ್ನುವುದು ಹೇಗೆ? ಟ್ರೇಡ್‌ಮಾರ್ಕ್ ಇರುವ ಇನ್ನೂ ನಾಲ್ಕು ಜನ ಇದ್ದರೆ?

ಅಮೆರಿಕದಲ್ಲಿ ಉಝಿ ನಿಸಾನ್ ಅಂತ ಒಬ್ಬರಿದ್ದರು. ನಿಸಾನ್ ಅವರ ಸ್ವಂತ ಹೆಸರು. ಕಂಪ್ಯೂಟರ್ ವ್ಯಾಪಾರಕ್ಕಾಗಿ 1994ರಲ್ಲಿ ನಿಸಾನ್ ಡಾಟ್ ಕಾಮ್ ತೆಗೆದುಕೊಂಡರು. ಕಾರಿನ ಕಂಪನಿ ಅವರ ಮೇಲೆ ದಾವೆ ಹಾಕಿದ್ದು 1999ರ ಕೊನೆಗೆ. ವರ್ಷಗಟ್ಟಲೆ ನಡೆಯಿತು. ಡೊಮೇನ್ ಅವರ ಕೈಯಲ್ಲೇ ಉಳಿಯಿತು, ನಿಜ. ಆದರೆ ವಕೀಲರಿಗೆ ಸುರಿದ ಹಣ, ಕಳೆದ ವಯಸ್ಸು ವಾಪಸ್ ಬರಲಿಲ್ಲ. 2020ರಲ್ಲಿ ತೀರಿಹೋದರು. ಸ್ವಂತ ಹೆಸರು ಉಳಿಸಿಕೊಳ್ಳಲು ಒಬ್ಬ ಮನುಷ್ಯ ಅಷ್ಟು ಪಾಡು ಪಡಬೇಕಾ? ಕೆನಡಾದಲ್ಲಿ ಮೈಕ್ ರೋ ಅನ್ನುವ 17 ವರ್ಷದ ಹುಡುಗ ತನ್ನ ಹೆಸರಿಗೆ ಸಾಫ್ಟ್ ಅಂತ ಸೇರಿಸಿ ಡೊಮೇನ್ ಮಾಡಿಕೊಂಡದ್ದಕ್ಕೆ ಮೈಕ್ರೋಸಾಫ್ಟಿನ ವಕೀಲರು ಬೆನ್ನು ಹತ್ತಿದರು. ಕೊನೆಗೆ 2004ರಲ್ಲಿ ರಾಜಿ ಆಗಿ ಡೊಮೇನ್ ಕಂಪನಿಗೆ ಹೋಯಿತು.

ನಮ್ಮ ಕರಾವಳಿಯ ವಿಷಯಕ್ಕೇ ಬನ್ನಿ. ಪೈ, ಕಾಮತ್, ಶೆಟ್ಟಿ, ಭಟ್, ನಾಯಕ್, ಡಿಸೋಜ. ಮಂಗಳೂರಿನ ಹಂಪನಕಟ್ಟೆಯಿಂದ ಉಡುಪಿಯ ರಥಬೀದಿಯವರೆಗೆ ಬೋರ್ಡು ಓದುತ್ತಾ ಹೋದರೆ ಈ ಹೆಸರುಗಳೇ ತಿರುಗಿ ತಿರುಗಿ ಬರುತ್ತವೆ. ಅಜ್ಜ, ಅಪ್ಪನಿಂದ ಬಂದ ಹೆಸರು, ಯಾರು ಯಾರಿಂದ ಕದ್ದದ್ದು? ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಸೆಕ್ಷನ್ ಇದನ್ನೇ ಹೇಳುತ್ತದೆ, ಪ್ರಾಮಾಣಿಕವಾಗಿ ತನ್ನ ಸ್ವಂತ ಹೆಸರು ಬಳಸುವವರನ್ನು ತಡೆಯುವ ಹಾಗಿಲ್ಲ. 34ನೇ ಸೆಕ್ಷನ್ ಪ್ರಕಾರ ನಿಮಗಿಂತ ಮೊದಲಿನಿಂದ ಬಳಸುತ್ತಾ ಬಂದವರನ್ನೂ ನೀವು ಏಳಿಸುವ ಹಾಗಿಲ್ಲ. ಇನ್ನು ಉಡುಪಿ ಅನ್ನುವ ಹೆಸರು. ಮುಂಬೈ, ಚೆನ್ನೈ, ದುಬೈ, ಎಲ್ಲಿ ಹೋದರೂ ಆ ಹೆಸರಿನ ಹೋಟೆಲ್ ಇದೆ. ಅಲ್ಲಿ ಮಸಾಲೆ ದೋಸೆ, ಇಡ್ಲಿ ಸಾಂಬಾರ್ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದು ಊರಿನ ಹೆಸರು, ಅಡುಗೆಯ ಹೆಸರು. ಮಾಲು ಎಲ್ಲಿಯದು ಅಂತಷ್ಟೇ ತಿಳಿಸುವ ಪದಕ್ಕೆ ಸಾಮಾನ್ಯವಾಗಿ ಟ್ರೇಡ್‌ಮಾರ್ಕ್ ಕೊಡಬಾರದು ಅಂತ 9ನೇ ಸೆಕ್ಷನ್‌ನಲ್ಲಿದೆ. ಹಾಗಿದ್ದೂ ಹಿಂದೆ ಮುಂದೆ ಒಂದು ಪದ ಸೇರಿಸಿ ರಿಜಿಸ್ಟರ್ ಮಾಡಿಸಿಕೊಂಡವರು, ಅದರ ಬಲದ ಮೇಲೆ ಉಡುಪಿ ಪದ ಇರುವ ಇನ್ನೊಬ್ಬರ ಡೊಮೇನ್ ಕೇಳಬಹುದು. ಉಡುಪಿ ಮಲ್ಲಿಗೆ, ಮಟ್ಟುಗುಳ್ಳ, ಉಡುಪಿ ಸೀರೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಬೆಳೆಯುವವರಿಗೆ, ನೇಯುವವರಿಗೆ ಎಲ್ಲರಿಗೂ ಸೇರಿದ ಹಕ್ಕು. ಆ ಥರದ ಹೆಸರು ಒಬ್ಬರ ಬೀರುವಿಗೆ ಹೋಗಬಾರದು.

ಗಾಯಕ ಸ್ಟಿಂಗ್ 2000ದಲ್ಲಿ ತನ್ನ ಹೆಸರಿನ ಡೊಮೇನ್ ಕೇಳಿದಾಗ ಸಿಗಲಿಲ್ಲ, ಅದು ಇಂಗ್ಲಿಷಿನ ಸಾಮಾನ್ಯ ಪದ ಅಂತ ತೀರ್ಪುಗಾರರು ಹೇಳಿದರು. ಸರಿಯಾದ ಮಾತು. ಆದರೆ ಕನ್ನಡದ, ತುಳುವಿನ, ಕೊಂಕಣಿಯ ಒಂದು ಸಾಮಾನ್ಯ ಪದದ ಬಗ್ಗೆ ಅಷ್ಟೇ ಸುಲಭವಾಗಿ ಗೊತ್ತಾಗುತ್ತದಾ? ಇದು ನಮ್ಮಲ್ಲಿ ಮನೆಮನೆಯ ಪದ ಅಂತ ನಾವೇ ದಾಖಲೆ ಕೊಟ್ಟು ಒಪ್ಪಿಸಬೇಕು.

ಈಗ ವೇಗದ ವಿಚಾರ. ಎರಡು ತಿಂಗಳಲ್ಲಿ ಮುಗಿಯುತ್ತದೆ ಅನ್ನುವುದು ದೂರು ಕೊಟ್ಟವರಿಗೆ ಅನುಕೂಲ. ಎದುರಿನವರಿಗೆ ಉತ್ತರ ಕೊಡಲು ಸಿಗುವುದು 20 ದಿನ. ನೋಟಿಸ್ ಇಮೇಲ್‌ನಲ್ಲಿ ಬರುತ್ತದೆ, ಎಷ್ಟೋ ಸಲ ಸ್ಪ್ಯಾಮ್‌ಗೆ ಹೋಗುತ್ತದೆ. ನಮ್ಮ ಕಡೆ ಡೊಮೇನ್ ತೆಗೆಯುವಾಗ ಕೊಟ್ಟ ಇಮೇಲ್ ಐಡಿ ಮಗನದ್ದೋ, ಅಳಿಯನದ್ದೋ, ನನ್ನಂಥ ಸೈಟ್ ಮಾಡುವವನದ್ದೋ ಆಗಿರುತ್ತದೆ. ಆ ಹುಡುಗ ಗಲ್ಫಿಗೆ ಹೋಗಿದ್ದರೆ ಮುಗಿಯಿತು. ಉತ್ತರ ಬರದಿದ್ದರೆ ತೀರ್ಪುಗಾರರು ಒಂದು ಕಡೆಯ ಕಾಗದ ಮಾತ್ರ ನೋಡಿ ತೀರ್ಮಾನಿಸುತ್ತಾರೆ. ವಿಚಾರಣೆ ಯಾವ ಸಂಸ್ಥೆಯಲ್ಲಿ ನಡೆಯಬೇಕು ಅಂತ ಆರಿಸುವುದೂ ದೂರು ಕೊಟ್ಟವರೇ. ಒಬ್ಬರೇ ತೀರ್ಪುಗಾರರು ಬೇಡ, ಮೂವರು ಬೇಕು ಅಂತ ನೀವು ಕೇಳಿದರೆ ಫೀಸಿನಲ್ಲಿ ನಿಮ್ಮ ಪಾಲೂ ಕಟ್ಟಬೇಕು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬರಿದ್ದರೆ 1,500 ಡಾಲರ್, ಮೂವರಿದ್ದರೆ 4,000 ಡಾಲರ್. ಕೆಲವೇ ನೂರು ರೂಪಾಯಿಯ ಡೊಮೇನ್ ಉಳಿಸಲು ಯಾರು ಅಷ್ಟು ಕೊಡುತ್ತಾರೆ? ಹಾಗೇ ನೋಡಿದರೆ ಹಪ್ಪಳದ ಅಕ್ಕನಿಗೂ 1,500 ಡಾಲರ್ ಸಣ್ಣ ಮೊತ್ತ ಅಲ್ಲ. ಈ ದಾರಿ ಅವರಿಗಾಗಿ ಮಾಡಿದ್ದಲ್ಲ.

ಡಾಟ್ ಇನ್ ಹೆಸರುಗಳಲ್ಲಿ ಇನ್ನೂ ಬಿಗಿ. ಯುಡಿಆರ್‌ಪಿಯಲ್ಲಿ ಕೆಟ್ಟ ಉದ್ದೇಶದಿಂದ ತೆಗೆದುಕೊಂಡಿರಬೇಕು, ಜೊತೆಗೆ ಕೆಟ್ಟ ಉದ್ದೇಶಕ್ಕೆ ಬಳಸುತ್ತಲೂ ಇರಬೇಕು. ನಮ್ಮ ಐಎನ್‌ಡಿಆರ್‌ಪಿಯಲ್ಲಿ ಎರಡರಲ್ಲಿ ಒಂದು ಇದ್ದರೂ ಸಾಕು. ಹತ್ತು ವರ್ಷದ ಹಿಂದೆ ಒಳ್ಳೆಯ ಮನಸ್ಸಿನಿಂದಲೇ ತೆಗೆದುಕೊಂಡವರನ್ನೂ ಆಮೇಲಿನ ಯಾವುದೋ ಒಂದು ಜಾಹೀರಾತು ತೋರಿಸಿ ಹಿಡಿಯಬಹುದು.

ಇನ್ನು ಬೇಕಂತಲೇ ಸುಳ್ಳು ದೂರು ಕೊಟ್ಟು ಡೊಮೇನ್ ಕಸಿಯಲು ನೋಡುವ ಕಂಪನಿಗಳೂ ಇವೆ. ಯುಡಿಆರ್‌ಪಿ ನಿಯಮದಲ್ಲೇ ಇದಕ್ಕೆ ಜಾಗ ಇದೆ, ಇದು ದುರುದ್ದೇಶದ ದೂರು ಅಂತ ತೀರ್ಪುಗಾರರು ಬರೆಯಬಹುದು. ಬರೆಯಬಹುದು, ಅಷ್ಟೆ. ದಂಡ ಇಲ್ಲ, ಎದುರಿನವರ ಖರ್ಚು ಕೊಡಬೇಕಾಗಿಲ್ಲ. ಗೆದ್ದರೆ ಡೊಮೇನ್, ಸೋತರೆ ಫೀಸು ಮಾತ್ರ ಹೋಯಿತು. ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆಯ 142ನೇ ಸೆಕ್ಷನ್‌ನಲ್ಲಿ ಆಧಾರ ಇಲ್ಲದೆ ನೋಟಿಸ್ ಕೊಟ್ಟು ಹೆದರಿಸುವವರ ಮೇಲೆ ದಾವೆ ಹಾಕಲು ಅವಕಾಶ ಇದೆ. ಒಳ್ಳೆಯ ಸೆಕ್ಷನ್. ಆದರೆ ನೋಟಿಸ್‌ಗೇ ಹೆದರಿದವರು ದಾವೆ ಹಾಕಲು ಕೋರ್ಟಿನ ಮೆಟ್ಟಿಲು ಹತ್ತುತ್ತಾರಾ?

ಟೀಕೆ ಮಾಡುವವರನ್ನೂ ಮರೆಯಬಾರದು. ಒಂದು ಬಿಲ್ಡರ್ ಕಂಪನಿ ಫ್ಲ್ಯಾಟ್ ಕೊಡದೆ ಸತಾಯಿಸಿದರೆ, ದುಡ್ಡು ಕೊಟ್ಟವರೆಲ್ಲ ಸೇರಿ ಆ ಕಂಪನಿಯ ಹೆಸರಿನ ಜೊತೆ ಮೋಸ ಅಂತ ಸೇರಿಸಿ ಸೈಟ್ ಮಾಡಬಾರದಾ? ಹೆಸರು ಹೇಳದೆ ದೂರು ಹೇಳುವುದು ಹೇಗೆ? ಗ್ರೀನ್‌ಪೀಸ್ ಸಂಸ್ಥೆ ಟಾಟಾ ಕಂಪನಿಯ ಬಂದರು ಯೋಜನೆಯನ್ನು ಟೀಕಿಸಿ, ಅವರ ಚಿಹ್ನೆಯನ್ನೇ ಬಳಸಿ ಆಮೆಗಳ ಗೇಮ್ ಒಂದನ್ನು ಮಾಡಿತ್ತು. ಟಾಟಾ ತಡೆಯಾಜ್ಞೆ ಕೇಳಿತು, 2011ರಲ್ಲಿ ದೆಹಲಿ ಹೈಕೋರ್ಟು ಕೊಡಲಿಲ್ಲ. ಅದು ಡೊಮೇನ್ ಪ್ರಕರಣ ಅಲ್ಲ, ಆದರೆ ಟ್ರೇಡ್‌ಮಾರ್ಕ್ ಇರುವುದು ಬಾಯಿ ಮುಚ್ಚಿಸಲು ಅಲ್ಲ ಅನ್ನುವುದು ಡೊಮೇನಿಗೂ ಅನ್ವಯಿಸಬೇಕು.

ಸ್ನ್ಯಾಪ್‌ಡೀಲ್ ತೀರ್ಪನ್ನು ಮಂಗಳೂರಿನವರು ಅರ್ಧ ಹೇಳಿದ್ದಾರೆ. ಡೊಮೇನ್ ಮಾರುವವರನ್ನು ಕೋರ್ಟು ಟೀಕಿಸಿದ್ದು ಹೌದು, ಅದರಲ್ಲಿ ನಾನೂ ಜೊತೆಗಿದ್ದೇನೆ. ಆದರೆ ಸ್ನ್ಯಾಪ್‌ಡೀಲ್ ಪದ ಇರುವ ಯಾವ ಡೊಮೇನನ್ನೂ ಇನ್ನು ಮುಂದೆ ಯಾರಿಗೂ ಕೊಡಬಾರದು ಅಂತ ಒಟ್ಟಾಗಿ ಆದೇಶ ಕೇಳಿದಾಗ ಅದೇ ಕೋರ್ಟು ಕೊಡಲಿಲ್ಲ. ಒಂದೊಂದು ಹೆಸರನ್ನೂ ಬೇರೆ ಬೇರೆಯಾಗಿ ನೋಡಬೇಕು ಅಂದಿತು. ಮೊದಲು ಬಂದ್, ಆಮೇಲೆ ವಾದ ಅನ್ನುವುದಕ್ಕೆ ಇದು ನೇರ ಉತ್ತರ.

ಬ್ಯಾಂಕಿನ ನಕಲಿ ಲಿಂಕ್‌ಗಳ ವಿಷಯದಲ್ಲಿ ಜನರನ್ನು ಉಳಿಸುವ ಕೆಲಸ ಬೇರೆ ಕಡೆಯಿಂದ ಶುರುವಾಗಿದೆ. ರಿಸರ್ವ್ ಬ್ಯಾಂಕ್ 2025ರಲ್ಲಿ ಎಲ್ಲ ಬ್ಯಾಂಕುಗಳಿಗೆ ಬ್ಯಾಂಕ್ ಡಾಟ್ ಇನ್ ಅಂತ ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಲು ಹೇಳಿ, ಅಕ್ಟೋಬರ್ 31ರ ಗಡುವು ಕೊಟ್ಟಿತು. ಆ ವಿಳಾಸ ಬ್ಯಾಂಕುಗಳಿಗೆ ಬಿಟ್ಟು ಬೇರೆ ಯಾರಿಗೂ ಸಿಗುವುದಿಲ್ಲ. ನಕಲಿ ಹೆಸರು ಸಾವಿರ ಹುಟ್ಟಲಿ, ಕೊನೆಯಲ್ಲಿ ಬ್ಯಾಂಕ್ ಡಾಟ್ ಇನ್ ಇದೆಯಾ ಅಂತ ನೋಡಿಕೊಳ್ಳಿ ಅಂತ ಅಜ್ಜಿಗೂ ಹೇಳಿಕೊಡಬಹುದು. ಯಾರ ಡೊಮೇನೂ ಕಿತ್ತುಕೊಳ್ಳದೆ ಆದ ಕೆಲಸ ಇದು. ದೇವಸ್ಥಾನಗಳಿಗೂ ಇಂಥದ್ದೊಂದು ವ್ಯವಸ್ಥೆ ಬಂದರೆ ಯಾತ್ರಿಕರಿಗೆ ದೊಡ್ಡ ಉಪಕಾರ.

ಜಿಯೋಹಾಟ್‌ಸ್ಟಾರ್ ಹುಡುಗನನ್ನು ನಾನು ಸಮರ್ಥಿಸುವುದಿಲ್ಲ. ಟ್ರೇಡ್‌ಮಾರ್ಕ್ ಇರುವವರಿಗೇ ಮಾರಿ ಲಾಭ ಮಾಡಲೆಂದು ಹೆಸರು ತೆಗೆದಿಡುವುದು ಕೆಟ್ಟ ಉದ್ದೇಶ ಅಂತ ಯುಡಿಆರ್‌ಪಿಯಲ್ಲೇ ಬರೆದಿದೆ. ಅಲ್ಲಿ ಉದ್ದೇಶ ಅವನೇ ಹೇಳಿಕೊಂಡಿದ್ದ, ಹುಡುಕುವ ಕೆಲಸವೂ ಇರಲಿಲ್ಲ. ನಾನು ಮಾತಾಡುತ್ತಿರುವುದು ಏನೂ ತಪ್ಪು ಮಾಡದೆ ನೋಟಿಸ್ ತಿಂದವರ ಬಗ್ಗೆ.

ಅವರಿಗಾಗಿ ಆಗಬೇಕಾದ್ದು ಕೆಲವಿದೆ. ಡಾಟ್ ಇನ್ ಹೆಸರಿನ ಮೇಲೆ ದೂರು ಬಂದರೆ ಇಮೇಲ್ ಒಂದೇ ಸಾಲದು, ಡೊಮೇನ್ ಇರುವವರ ಫೋನಿಗೂ ಅವರ ಭಾಷೆಯಲ್ಲಿ ಸಂದೇಶ ಬರಲಿ. ಉತ್ತರವನ್ನು ಕನ್ನಡದಲ್ಲಿ ಬರೆದುಕೊಟ್ಟರೂ ತೆಗೆದುಕೊಳ್ಳಲಿ. ಸುಳ್ಳು ದೂರು ಅಂತ ಸಾಬೀತಾದರೆ ಎದುರಿನವರ ಖರ್ಚನ್ನು ದೂರು ಕೊಟ್ಟವರೇ ಕಟ್ಟಬೇಕು ಅಂತ ನಿಯಮ ಬರಲಿ. ದುಡ್ಡು ಹೊಡೆಯುವ ಸೈಟ್ ಅಂತ ಪೊಲೀಸರು ಬರೆದುಕೊಟ್ಟರೆ ಒಂದೇ ದಿನದಲ್ಲಿ ಬಂದ್ ಮಾಡಿ, ನನ್ನದು ಅಡ್ಡಿ ಇಲ್ಲ. ನಿಮಗೆ ಇಂಥ ನೋಟಿಸ್ ಬಂದಿದ್ದರೆ ಡೊಮೇನ್ ಬಿಟ್ಟುಕೊಡುವ ಮೊದಲು ಹಳೇ ಬಿಲ್ಲು, ಪಂಚಾಯತಿಯ ಲೈಸೆನ್ಸ್, ಬೋರ್ಡಿನ ಫೋಟೋ, ಡೊಮೇನ್ ತೆಗೆದ ದಿನದ ರಸೀದಿ ಇಷ್ಟನ್ನು ಒಟ್ಟು ಮಾಡಿ ಒಬ್ಬ ವಕೀಲರಿಗೆ ತೋರಿಸಿ. ನೋಟಿಸಿನಲ್ಲಿ ಬರೆದ ಏಳು ದಿನ ಕೋರ್ಟು ಕೊಟ್ಟ ಗಡುವಲ್ಲ, ಎದುರಿನ ವಕೀಲರು ತಾವೇ ಹಾಕಿದ್ದು.